ಗೋಡೆಯಾಚೆಯ ಕೊಳಲು

ಮೊನ್ನೆ ಹಳಿಯಾಳದ ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗಿಯ ಮೊಬೈಲಿನಿಂದ ಒಂದು ಕೊಳಲು ಕೇಳಿಸಿತು. ಹಾಡಲ್ಲ, ಹಳೆಯ ಸಿನಿಮಾವೊಂದರ ಹಿನ್ನೆಲೆ ಸಂಗೀತ. ಅಷ್ಟಕ್ಕೇ ನನ್ನ ಮೂಗಿಗೆ ಹಂಚಿನ ಮೇಲೆ ಬೇಯುವ ಜೋಳದ ರೊಟ್ಟಿಯ ವಾಸನೆ ಬಂತು, ಕಣ್ಣು ತುಂಬಿತು. ನಗಬೇಡಿ, ಇಂಥದ್ದೊಂದು ನಿಮಗೂ ಇದ್ದೇ ಇರುತ್ತದೆ.

ದಾಂಡೇಲಿಯಲ್ಲಿ ನಮ್ಮ ಬಾಡಿಗೆ ಮನೆಯ ಅಡುಗೆಮನೆಗೂ ಟಾಕೀಸಿಗೂ ನಡುವೆ ಒಂದೇ ಗೋಡೆ. ಅಪ್ಪ ಕಾಗದದ ಮಿಲ್ಲಿಗೆ ಹೋದ ಮೇಲೆ ಅವ್ವ ರೊಟ್ಟಿ ಬಡಿಯಲು ಕೂತರೆ ಅತ್ತ ಮ್ಯಾಟಿನಿ ಶುರುವಾಗುತ್ತಿತ್ತು. ಮಾತುಗಳೆಲ್ಲ ಗೋಡೆಯಲ್ಲೇ ಕಲಸಿಹೋಗಿ ಸಂಗೀತವಷ್ಟೇ ಇತ್ತ ದಾಟುತ್ತಿತ್ತು. ಅದಕ್ಕೆ ಅವ್ವ ತನ್ನದೇ ಕಥೆ ಕಟ್ಟಿ ನನಗೂ ತಂಗಿಗೂ ಹೇಳುವಳು. ತಬಲಾ ಜೋರಾದರೆ ಅತ್ತೆ ಸೊಸೆಯರ ಜಗಳ, ಪಿಟೀಲು ನರಳಿದರೆ ಯಾರಿಗೋ ಜ್ವರ. ಆ ಕೊಳಲು ಬಂದಾಗ ಮಾತ್ರ ಅವಳ ಕೈ ನಿಲ್ಲುತ್ತಿತ್ತು. "ನೋಡ್ರಿ ಈಗ, ಆಕಿ ತವರಮನಿ ಬಾಗಲಕ್ಕ ಬಂದ್ಲು" ಎನ್ನುವಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವ್ವನ ತವರು ತೇರಗಾಂವ, ಬಸ್ಸು ಹತ್ತಿದರೆ ದೂರವೇನಲ್ಲ. ಆದರೆ ಯಾವುದೋ ಮದುವೆಯ ಊಟದಲ್ಲಿ ಅಪ್ಪನಿಗೂ ಸೋದರಮಾವನಿಗೂ ಮಾತಿಗೆ ಮಾತು ಬೆಳೆದು, ಇನ್ನು ಯಾರೂ ಆ ಹೊಸ್ತಿಲು ತುಳಿಯಕೂಡದೆಂದು ಅಪ್ಪ ಕೂತುಬಿಟ್ಟಿದ್ದ. ಅಪ್ಪನ ಹಟವೆಂದರೆ ಕೇಳಬೇಡಿ. ತಂಗಿಯ ಮುಖವನ್ನು ಅಜ್ಜಿ ನೋಡಿಯೇ ಇರಲಿಲ್ಲ.

ಆ ಸಿನಿಮಾ ಬಹಳ ವಾರ ಓಡಿತು. ಇನ್ನೇನು ತೆಗೆಯುತ್ತಾರೆ ಎನ್ನುವಾಗ ಅವ್ವನ ಕಾಟ ತಾಳದೆ ಅಪ್ಪ ನಮ್ಮನ್ನೆಲ್ಲ ಕರೆದೊಯ್ದ. ಕೊಳಲು ಬಂತು. ಪರದೆಯ ಮೇಲೆ ನಾಯಕ ಗುಲಾಬಿ ತೋಟದಲ್ಲಿ ನಾಯಕಿಯ ಹಿಂದೆ ಸುತ್ತುತ್ತಿದ್ದ. ತಂಗಿ ಕೇಳಿಯೇಬಿಟ್ಟಳು, "ಅವ್ವಾ, ತವರಮನಿ ಎಲ್ಲೈತಿ?"

"ಕೊಳಲು ಖರೇನ ಐತಿ," ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಪಿಕ್ಚರ್ ತಪ್ಪೈತಿ."

ನಗಲು ಬಾಯಿ ತೆರೆದ ಅಪ್ಪ ಅವ್ವನ ಒದ್ದೆ ಸೆರಗನ್ನು ನೋಡಿದ. ಹೊರಗೆ ಬಂದ ಮೇಲೆ ಬೀಡಿಯನ್ನು ಹಚ್ಚದೆ ಬೆರಳಲ್ಲೇ ಹೊರಳಿಸುತ್ತ, ಯಾರ ಮುಖವನ್ನೂ ನೋಡದೆ, "ಐತವಾರ ತೇರಗಾಂವಕ್ಕ ಹೋಗೂಣು" ಎಂದ.

ಆ ಭಾನುವಾರ ಅಜ್ಜಿ ಬಾಗಿಲಲ್ಲೇ ಅವ್ವನ ಗಲ್ಲ ಸವರಿದಾಗ ಯಾವ ಕೊಳಲೂ ಇರಲಿಲ್ಲ, ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಿತ್ತು. ನನಗೆ ಮಾತ್ರ ಕೊಳಲು ಕೇಳಿಸುತ್ತಲೇ ಇತ್ತು. ಈಗ ಆ ಟಾಕೀಸಿಲ್ಲ, ಗೋಡೆಯಿಲ್ಲ, ಅಪ್ಪನಿಲ್ಲ, ಅವ್ವನೂ ಇಲ್ಲ. ಆ ಸಂಗೀತ ಕಟ್ಟಿದ ಮಹಾನುಭಾವನಿಗೆ ತಾನು ಯಾರನ್ನು ಯಾವ ಊರಿಗೆ ಮುಟ್ಟಿಸಿದೆನೆಂಬುದು ತಿಳಿದಿರಲಾರದು.

ನಾನು ಕಣ್ಣೊರೆಸಿಕೊಂಡದ್ದನ್ನು ಕಂಡು ಹುಡುಗಿ ಮೊಬೈಲನ್ನು ನನ್ನತ್ತ ತಿರುಗಿಸಿ, "ನೋಡ್ತೀರೇನ್ರಿ?" ಎಂದಳು.

"ಬ್ಯಾಡವ್ವಾ, ಹಂಗ ಇರಲಿ, ಕೇಳ್ತೇನಿ" ಎಂದು ಕಣ್ಣು ಮುಚ್ಚಿದೆ. ಅವ್ವ ತವರಿನ ಬಾಗಿಲಿಗೆ ಬಂದಿದ್ದಳು.