ಸೇನಾಧಿಪತಿಯ ಹೆಲ್ಮೆಟ್ಟು

ನಮ್ಮಪ್ಪನನ್ನು ನಾಟಕ ಸಂಘದ ಗೌರವಾಧ್ಯಕ್ಷರನ್ನಾಗಿ ಮಾಡುತ್ತಾರಂತೆ ಎಂದು ಹೆಂಡತಿ ಹೇಳಿದಾಗ ನಾನು ಸಂತೋಷ ಅಂದೆ. ಅವಳು ತಟ್ಟೆ ಕುಕ್ಕಿ ಒಳಗೆ ಹೋದಳು. ಅದು ಬಡ್ತಿಯಲ್ಲ, ಮರ್ಯಾದೆಯಿಂದ ಮೂಲೆಗೆ ಕೂರಿಸುವ ಉಪಾಯ ಎಂದು ನನಗೆ ಆಮೇಲೆ ತಿಳಿಯಿತು. ಜಡೆ ಎಂಬ ಹಳ್ಳಿಯ ಹತ್ತಿರದ ಮಾವನ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಪ್ರತಿವರ್ಷ ಒಂದೇ ಐತಿಹಾಸಿಕ ನಾಟಕ ಆಡುತ್ತಾರೆ. ಅದರ ಸೇನಾಧಿಪತಿಯ ಪಾತ್ರ ನನ್ನ ಮದುವೆಗೂ ಮೊದಲಿನಿಂದ ಮಾವನದೇ. ಹೋದ ವರ್ಷ ಅವರು ರಂಗದ ಮೇಲೆ ಮಾತು ಮರೆತರು. ಪರದೆಯ ಹಿಂದೆ ಪುಸ್ತಕ ಹಿಡಿದು ನಿಂತವನು ಪಿಸುಗುಟ್ಟಿದ. ಮಾವನಿಗೆ ಕಿವಿ ಮಂದ, ಕೇಳಲಿಲ್ಲ. ಅವನು ಗಂಟಲು ಹರಿಯುವಂತೆ ಕೂಗಿದ. ಮಾವನೊಬ್ಬರನ್ನು ಬಿಟ್ಟು ಊರಿಗೆಲ್ಲ ಕೇಳಿಸಿತು. ಕೊನೆಗೆ ಮುಂದೆ ಕೂತಿದ್ದ ಹೆಂಗಸರೇ ಸೇರಿ ಸೇನಾಧಿಪತಿಗೆ ಮಾತು ಹೇಳಿಕೊಟ್ಟರು. ನಾಟಕ ಕಲಿಸುವ ಮೇಷ್ಟ್ರು ಅವತ್ತೇ ತೀರ್ಮಾನ ಮಾಡಿದ್ದರಂತೆ: ಪಾತ್ರ ಇನ್ನು ಬೇರೆಯವರಿಗೆ, ಇವರಿಗೆ ಒಂದು ಶಾಲು, ಒಂದು ಹಾರ, ವೇದಿಕೆಯ ಮೇಲೊಂದು ಪ್ಲಾಸ್ಟಿಕ್ ಕುರ್ಚಿ.

ನಾನು ಶಿಕಾರಿಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಒಂದು ದಿನ ಮಾವ ಬಸ್ಸು ಹತ್ತಿ ಅಂಗಡಿಗೇ ಬಂದರು. ನಮ್ಮ ಕಡೆ ಹೆಣ್ಣು ಕೊಟ್ಟ ಮಾವ ಅಳಿಯನ ಹತ್ತಿರ ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ಅಳಿಯನೇ ಊಹಿಸಿ ತಿಳಿದುಕೊಳ್ಳಬೇಕು. ಅವರು ಚಹಾ ಕುಡಿದರು, ಆನವಟ್ಟಿಯ ಬಸ್ಸುಗಳನ್ನು ಬೈದರು, ಅಡಿಕೆ ಧಾರಣೆ ವಿಚಾರಿಸಿದರು. ಎದ್ದು ಚಪ್ಪಲಿ ಮೆಟ್ಟುವಾಗ ಮಾತ್ರ, ಯಾರದ್ದೋ ವಿಷಯವೆಂಬಂತೆ, "ಮರ್ತಿದ್ದನ್ನ ನೆನಪು ಮಾಡ್ಕೊಡೋ ಮಷೀನು ಬಂದಾವಂತಲ್ರೀ ಅಳಿಯಂದಿರೇ?" ಎಂದರು.

ಬಂದಿರಲಿಲ್ಲ. ಆದರೆ ಮಾವನ ಮುಂದೆ ಇಲ್ಲ ಅನ್ನುವ ಅಳಿಯ ನಾನಲ್ಲ. ಈಗ ಆಗ್ಮೆಂಟೆಡ್ ರಿಯಾಲಿಟಿ ಅಂತ ಒಂದಿದೆ ಮಾವ, ಕಣ್ಣೆದುರಿನ ಲೋಕವೂ ಕಾಣುತ್ತದೆ, ಅದರ ಮೇಲೆ ಅಕ್ಷರವೂ ತೇಲುತ್ತದೆ ಎಂದು ಭಾಷಣ ಬಿಗಿದೆ. ಸೇನಾಧಿಪತಿಯ ಶಿರಸ್ತ್ರಾಣದೊಳಗೇ ಅದನ್ನು ಕೂರಿಸಿಕೊಡುತ್ತೇನೆ, ಮಾತೆಲ್ಲ ನಿಮ್ಮ ಕಣ್ಣ ಮುಂದೆಯೇ ಓಡುತ್ತದೆ ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ ಕಾಣೆ, ನನ್ನನ್ನು ನೋಡಿದ ನೋಟದಲ್ಲಿ ಮಾತ್ರ ಬಹಳ ನಂಬಿಕೆಯಿತ್ತು.

ನನ್ನ ಹಳೆಯ ಬೈಕ್ ಹೆಲ್ಮೆಟ್ಟಿನ ಮೇಲೆ ಥರ್ಮಾಕೋಲು ಮೆತ್ತಿ, ಬಂಗಾರದ ಬಣ್ಣ ಹೊಡೆದು, ತುದಿಗೆ ಒಂದು ಕುಚ್ಚು ಸಿಕ್ಕಿಸಿದೆ. ಹಣೆಯ ಜಾಗದಲ್ಲಿ ಒಂದು ಪುಟ್ಟ ಫೋನನ್ನು ಬೋರಲು ಮಲಗಿಸಿದೆ. ಅದರ ಕೆಳಗೆ ಭೂತಗನ್ನಡಿ, ಅದರ ಕೆಳಗೆ ಕಣ್ಣಿನ ಮುಂದೆ ಓರೆಯಾಗಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಫೋನಿನ ಅಕ್ಷರ ಆ ಹಾಳೆಯಲ್ಲಿ ಪ್ರತಿಫಲಿಸಿ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ನಾಟಕದ ಮಾತನ್ನೆಲ್ಲ ಅದರಲ್ಲಿ ತುಂಬಿದೆ. ನನ್ನ ಕೈಯ ಫೋನಿನ ಪಕ್ಕದ ಗುಂಡಿ ಒತ್ತಿದರೆ ಮುಂದಿನ ಮಾತು ಬರಬೇಕು, ಅಷ್ಟೇ. ಹೇಳುವಾಗ ಅಷ್ಟೇ, ಮಾಡುವಾಗ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಅಟ್ಟಿದೆ.

ಮೊದಲ ಸಲ ತೊಡಿಸಿದಾಗ ಮಾವ ಬಹಳ ಹೊತ್ತು ನೋಡಿ, ತೆಲುಗಿನ ಹಾಗೆ ಕಾಣುತ್ತದಲ್ಲ ಎಂದು ಸಂಕೋಚದಿಂದ ಹೇಳಿದರು. ಪ್ರತಿಬಿಂಬದಲ್ಲಿ ಕನ್ನಡವೆಲ್ಲ ತಿರುಗುಮುರುಗಾಗಿತ್ತು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಮೈ ಉರಿದುಹೋಯಿತು. ಅದನ್ನು ಸರಿಮಾಡಿದರೆ ಫೋನು ಬಿಸಿಯಾಗತೊಡಗಿತು. ನನ್ನಪ್ಪನ ತಲೆ ಬೇಯಿಸಬೇಕು ಅಂತ ಮಾಡಿದ್ದೀರೋ ಹೇಗೆ ಎಂದು ಹೆಂಡತಿ ಕೇಳಿದಳು. ಮಾವ ಮಾತ್ರ ಒಂದು ದಿನವೂ ಗೊಣಗಲಿಲ್ಲ. ಅಳಿಯ ಕೊಟ್ಟ ವಸ್ತುವಿನಲ್ಲಿ ಐಬು ಎತ್ತುವುದಾದರೂ ಹೇಗೆ!

ಗುಟ್ಟು ನಮ್ಮ ಮೂವರಲ್ಲೇ ಇತ್ತು. ಹೆಲ್ಮೆಟ್ಟು ರೂಢಿಯಾಗಲಿ ಎಂಬ ನೆಪ ಹೇಳಿ ಮಾವ, ಒಂದು ಸಲ ನೋಡಿ ಎಂದು ಮೇಷ್ಟ್ರನ್ನು ಒಪ್ಪಿಸಿ, ತಾಲೀಮಿನಲ್ಲೂ ಅದನ್ನೇ ತೊಟ್ಟರು. ಒಂದಕ್ಷರ ತಪ್ಪಲಿಲ್ಲ. ಮೇಷ್ಟ್ರು ಬೆರಗಾಗಿ, ಈ ವರ್ಷ ಒಂದು ಅವಕಾಶ, ಎಡವಿದರೆ ಮಾತ್ರ ಶಾಲು ಹೊದಿಸುವುದೇ ಎಂದರು. ನಾನು ಊರಿನಲ್ಲಿ ಎದೆ ಉಬ್ಬಿಸಿಕೊಂಡು ತಿರುಗಾಡಿದೆ.

ನಾಟಕದ ಸಂಜೆ ಮೊದಲ ದೃಶ್ಯ ಚಪ್ಪಾಳೆಯಲ್ಲೇ ಮುಗಿಯಿತು. ಎರಡನೆಯದು ರಾಜಸಭೆ, ಸೇನಾಧಿಪತಿ ಖಡ್ಗ ಹಿರಿದು ಪ್ರತಿಜ್ಞೆ ಮಾಡುವ ದೃಶ್ಯ. ನಾನು ಪಕ್ಕದ ಪರದೆಯ ಮರೆಯಲ್ಲಿ ಗುಂಡಿ ಒತ್ತುತ್ತ ನಿಂತಿದ್ದೆ. ಆಗ ಮೈಕಿನಲ್ಲಿ ಘೋಷಣೆ ಬಂತು: ಸೇನಾಧಿಪತಿಗಳ ಅಳಿಯಂದಿರು ಶಿಕಾರಿಪುರದಿಂದ ಬಂದಿದ್ದಾರೆ, ಆಯೇರಿ ಮಾಡಲು ವೇದಿಕೆಗೆ ಬರಬೇಕು.

ಹೆಲ್ಮೆಟ್ಟಿನ ಭರದಲ್ಲಿ ನಾನು ಆಯೇರಿಯನ್ನೇ ಮರೆತಿದ್ದೆ. ರಂಗದ ಮೇಲೆ ಯುದ್ಧವಾಗಲಿ, ಶೃಂಗಾರವಾಗಲಿ, ಹೆಸರು ಕೂಗಿದರೆಂದರೆ ನಾಟಕ ಅಲ್ಲಿಗೇ ನಿಲ್ಲುತ್ತದೆ. ನೆಂಟರು ಹತ್ತಿ ಬಂದು ಪಾತ್ರಧಾರಿಗೆ ಬಟ್ಟೆ ಕೊಟ್ಟು, ಹಾರ ಹಾಕಿ ಇಳಿಯುತ್ತಾರೆ. ಆಮೇಲೆ ನಿಂತಲ್ಲಿಂದ ಮತ್ತೆ ಶುರು. ಅಳಿಯ ಹೋಗದಿದ್ದರೆ ಊರು ಒಂದು ವರ್ಷ ಆಡಿಕೊಳ್ಳುತ್ತದೆ. ಹೆಂಡತಿ ಬಟ್ಟೆ, ಹಾರ ಇಟ್ಟ ತಟ್ಟೆಯನ್ನು ಕೈಗೆ ತುರುಕಿ ನೂಕಿಯೇಬಿಟ್ಟಳು. ನಾನು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದೆ.

ಹಾರ ಹಾಕಿದೆ. ತಟ್ಟೆಯನ್ನು ಎದೆಗವಚಿಕೊಂಡು ಬಗ್ಗಿ ಕಾಲು ಮುಟ್ಟಿದೆ. ತಟ್ಟೆಯ ಅಂಚು ಜೇಬಿನಲ್ಲಿದ್ದ ಫೋನಿನ ಗುಂಡಿಯನ್ನು ಒತ್ತಿಕೊಂಡೇ ಇತ್ತೆಂಬುದು ನನಗೇನು ಗೊತ್ತು? ತಲೆ ಎತ್ತಿದರೆ ಹಾಳೆಯ ಹಿಂದೆ ಮಾವನ ಕಣ್ಣು ಎಡದಿಂದ ಬಲಕ್ಕೆ ಸರಸರ ಓಡುತ್ತಿತ್ತು. ಅವರು ಎದೆ ಹಿಡಿದುಕೊಂಡರು. ನೇರ ನನ್ನನ್ನೇ ದಿಟ್ಟಿಸಿ, ಕಂಚಿನ ಕಂಠದಲ್ಲಿ, "ನಂಬಿದ ನೀನೇ ಇರಿದೆಯಾ ದ್ರೋಹಿ! ತಾಯ್ನಾಡೇ, ನಿನ್ನ ಮಗ ಮಲಗುತ್ತಿದ್ದಾನೆ!" ಎಂದು ಧೊಪ್ಪನೆ ಬಿದ್ದು ಪ್ರಾಣ ಬಿಟ್ಟರು.

ಅದು ಕೊನೆಯ ದೃಶ್ಯದ ಮಾತು; ಒತ್ತಿಹೋದ ಗುಂಡಿ ಸಾಲುಗಳನ್ನೆಲ್ಲ ಅಲ್ಲಿಯವರೆಗೆ ಓಡಿಸಿಬಿಟ್ಟಿತ್ತು. ಶತ್ರುಸೈನ್ಯ ಇನ್ನೂ ಹಿಂದುಗಡೆ ಮಂಡಕ್ಕಿ ತಿನ್ನುತ್ತಿತ್ತು. ರಾಜ ಸಿಂಹಾಸನದಿಂದ ಅರ್ಧ ಎದ್ದು ಮೇಷ್ಟ್ರ ಮುಖ ನೋಡಿದ. ಆಮೇಲೆ ನಗು ಎಂದರೆ ಅಂಥಾ ನಗು, ಶಿಳ್ಳೆ, ಹಿಂದಿನಿಂದ ಒನ್ಸ್ ಮೋರ್ ಎಂಬ ಕೂಗು. ಮಾವ ಎದ್ದರು. ಕೊನೆಯ ಮಾತು ಇನ್ನೂ ಅವರ ಕಣ್ಣ ಮುಂದೆಯೇ ನಿಂತಿತ್ತು. ನನಗೆ ಮತ್ತೊಮ್ಮೆ ದ್ರೋಹಿ ಎಂದು ಬೈದು ಮತ್ತೊಮ್ಮೆ ಸತ್ತರು. ನಾನು ತಟ್ಟೆ ಹಿಡಿದುಕೊಂಡು ಪೆಚ್ಚಾಗಿ ನಿಂತೇ ಇದ್ದೆ.

ನಾಟಕವೇನೂ ಕೆಡಲಿಲ್ಲ. ಪರದೆ ಬಿಟ್ಟು ತೆಗೆಯುವಷ್ಟರಲ್ಲಿ ನಾನು ಸಾಲನ್ನು ಹಿಂದಕ್ಕೆ ತಂದೆ, ಸೇನಾಧಿಪತಿ ಬದುಕಿ ಬಂದು ಬಿಟ್ಟಲ್ಲಿಂದ ಪ್ರತಿಜ್ಞೆ ಮಾಡಿ, ಯುದ್ಧ ಮಾಡಿ, ಕೊನೆಗೆ ಕ್ರಮಪ್ರಕಾರವೂ ಸತ್ತರು. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ಬಂದು, "ಮುಂದಿನ ವರ್ಷಾನೂ ನೀವೇ ಸಾಯ್ಬೇಕ್ರೀ, ಬೇರೆಯವ್ರಿಗೆ ಕೊಡೋ ಮಾತೇ ಇಲ್ಲ" ಎಂದು ಮಾವನ ಭುಜ ತಟ್ಟಿ ಹೋದರು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಮಾವ ಬೇಕೆಂದೇ ಹಾಗೆ ಮಾಡಿದ್ದು, ಪಳಗಿದ ನಟ, ತಪ್ಪು ಸಾಲು ಕಂಡಕೂಡಲೇ ಅದನ್ನೇ ಹಾಸ್ಯಕ್ಕೆ ತಿರುಗಿಸಿದ್ದಾರೆ ಎಂದುಕೊಂಡಿದ್ದೆ.

ಬಣ್ಣ ಹಚ್ಚುವ ಕೋಣೆಯಲ್ಲಿ ನಾನೇ ಹೆಲ್ಮೆಟ್ಟು ಬಿಚ್ಚಿದೆ. ಹಣೆ ಕೆಂಪಗಾಗಿತ್ತು. ಎಂಥಾ ಸಮಯಪ್ರಜ್ಞೆ ಮಾವ ನಿಮ್ಮದು ಎಂದೆ. ಅವರು ನಗಲಿಲ್ಲ. ಬಾಗಿಲ ಕಡೆ ನೋಡಿ, ಮೇಷ್ಟ್ರು ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕೈ ಹಿಡಿದುಕೊಂಡರು.

"ಅಳಿಯಂದಿರೇ, ಮಷೀನು ತೋರಿಸ್ದಂಗೆ ಹೇಳ್ದೆ. ಮೊದ್ಲೂ ಸತ್ತೆ, ಕಡೀಗೂ ಸತ್ತೆ. ನಾಟಕದಾಗೆ ನಾನು ನಿಜವಾಗ್ಲೂ ಸಾಯೋದು ಯಾವಾಗ್ರೀ?"

ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಇಷ್ಟು ವರ್ಷ ಆಡಿದ ಪಾತ್ರ, ಹುಡುಕಿದರೂ ಒಳಗೆಲ್ಲೂ ಅವರಿಗೆ ಸಿಗುತ್ತಿರಲಿಲ್ಲ.

"ಎರಡೂ ಕಡೆ ಇದೆ ಮಾವ" ಎಂದೆ.

"ಹಂಗಾದ್ರೆ ತಪ್ಪಲಿಲ್ಲ ಅನ್ರೀ" ಎಂದು ನಿರಾಳವಾಗಿ ಉಸಿರುಬಿಟ್ಟು, ಮುಖದ ಬಣ್ಣ ತೆಗೆಯಲು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡರು.