ಬದುವಿನ ಹಕ್ಕರಕಿ

ಸೊಸಿ ನಿನ್ನೆ ತಾಳಿಕೋಟಿ ಸಂತಿಯಿಂದ ಹಕ್ಕರಕಿ ಪಲ್ಲೆ ತಂದಳು. ದಾರ ಕಟ್ಟಿದ ಸೂಡು, ಬೇರಿಗೆ ಒಂದು ಹರಳು ಮಣ್ಣಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕೂಡ ಹಸೀದೇ ತಿಂದೆ. ರುಚಿನೇ ಇಲ್ಲ, ನೀರು ಅಗದಂಗಾತು. ಹಕ್ಕರಕಿಯನ್ನೂ ಕೊಂಡು ತರೋ ಕಾಲ ಬಂತಲ್ಲ ಅಂತ ನಗಿ ಬಂತು.

ನಿಮಗ ಗೊತ್ತಿರಲಿಕ್ಕಿಲ್ಲ, ಹೇಳ್ತೇನಿ. ಕಾಲುವಿ ಬರೋ ಮೊದಲು ನಮ್ಮ ಬಿಳಿಜೋಳದ ಹೊಲದಾಗ ಇದು ತಾನಾಗಿ ಹುಟ್ಟತಿತ್ತು. ಹೊಲ ಯಾರದರ ಇರಲಿ, ಪಲ್ಲೆ ಮಾತ್ರ ಕಿತ್ತಾಕಿದು. ಕೇಳಿ ಕೀಳೋ ಪದ್ಧತಿನೇ ಇರಲಿಲ್ಲ. ಕೇಳಿದರ ಹೊಲದಾಕಿಗೆ ಅವಮಾನ.

ಕಾಶವ್ವಗ ಹೊಲ ಇರಲಿಲ್ಲ. ಕಳೆ ತೆಗೆಯೋ ಗುಂಪಿನಾಗ ನನ್ನ ಎಡಗಡೆ ಸಾಲು ಯಾವಾಗಲೂ ಆಕಿದು. ಕೈ ಜೋರು, ಬಾಯಿ ಇನ್ನೂ ಜೋರು. ನನ್ನ ಸಾಲಿನಾಗ ನಾಕು ಕಳೆ ಉಳಿದರ ಸಾಕು, "ಏ ಯವ್ವಾ, ಇವನ್ನ ಬೀಜಕ್ಕ ಬಿಟ್ಟೀಯೇನ?" ಅಂತ ಕೂಗತಿದ್ದಳು. ಗುಂಪೆಲ್ಲಾ ನಗತಿತ್ತು. ಮುಂಜಾನೆ ಬುಟ್ಟಿ ತುಂಬ ಹಕ್ಕರಕಿ ಕಿತ್ತು, ಮುದ್ದೇಬಿಹಾಳದಾಗ ಮಾರಿ ಬರತಿದ್ದಳು. ಸುಗ್ಗಿತನಕ ಆಕಿ ಒಲಿ ಉರಿಯೋದು ಅದರ ಮ್ಯಾಲೇ.

ಕಾಲುವಿ ನೀರು ಬಂತು. ಜೋಳ ಹೋಗಿ ಗೋವಿನಜೋಳ, ಕಬ್ಬು ಬಂತು. ಮನಿಗೆ ಸ್ಲ್ಯಾಬ್ ಬಿತ್ತು, ಸುಳ್ಳು ಯಾಕ ಹೇಳಲಿ. ಕಳೆ ಸುಡೋ ಎಣ್ಣಿನೂ ಬಂತು. ಊರಾಗ ಮೊದಲು ಹೊಡಿಸಿದಾಕಿ ನಾನೇ. ಗುಂಪಿನ ಕೆಲಸ, ಬೆನ್ನಿಗೆ ಎಣ್ಣಿ ಪಂಪು ಕಟ್ಟಿದ ಒಬ್ಬಾಂವ ಊಟದ ಹೊತ್ತಿಗೆ ಮುಗಿಸಿದ. ಹೆಂಗಸರಿಗೆ ಚಹಾ ಕಾಸೋದು, ಅವರ ಜಗಳ ಬಿಡಿಸೋದು ತಪ್ಪಿತು ಅಂತ ಖುಷಿಪಟ್ಟೆ.

"ಬದು ಬಿಡಲೇನ್ರಿ? ಹಕ್ಕರಕಿ ಐತಿ" ಅಂದ.

"ಅದನ್ಯಾಕ ಬಿಡ್ತಿ, ಹೊಡಿ" ಅಂದೆ.

ಹಕ್ಕರಕಿ ಉಳಿದಿದ್ದೇ ಆ ಬದುವಿನಾಗ. ಕಾಶವ್ವಗ ಒಂದು ಮಾತು ಹೇಳಿರಲಿಲ್ಲ. ನಾಕು ದಿನಕ್ಕ ಆಕಿ ಬುಟ್ಟಿ ಹಿಡಕೊಂಡು ಬಂದಳು. ಬದು ಸುಟ್ಟು ಹಳದಿ ಆಗಿತ್ತು. ಬೈತಾಳ ಅಂತ ನಾನೂ ಬಾಯಿ ಸಜ್ಜು ಮಾಡಿಕೊಂಡಿದ್ದೆ. ಆಕಿ ಸೆರಗು ಸರಿ ಮಾಡಿಕೊಂಡಳು.

"ಅಕ್ಕಾರ, ಇನ್ನ ಮ್ಯಾಲೆ ಕೇಳಿ ಬರತೇನ್ರಿ."

ಮತ್ತ ಬರಲಿಲ್ಲ. ಇಂಡಿ ಕಡೆ ದ್ರಾಕ್ಷಿ ತೋಟಕ್ಕ ದುಡಿಯಾಕ ಹೋದಾಕಿ ಅಲ್ಲೇ ಉಳಿದಳು. ಕೂಲಿ ಚಲೋ ಐತಂತ. ನಾ ಹೋಗಿ ನೋಡಿಲ್ಲ. ಬಸ್ಸಂತೂ ಐತಿ.

ಇವತ್ತು ಪಂಪಿನಾಂವ ಮತ್ತ ಬಂದಿದ್ದ. ಅವತ್ತು ಸುಡಿಸಿದ ಮೂಡಲ ಬದು ಬಿಡು ಅಂದೆ.

"ಅಲ್ಲೇನೈತಿ ಆಯಿ, ಬರೇ ಕಸ."

"ಇರಲಿ, ಬೀಜಕ್ಕ ಬಿಟ್ಟೇನಿ."

ಆಂವ ನಕ್ಕ. ಆದರ ಪಂಪು ಆ ಕಡೆ ತಿರುಗಿಸಲಿಲ್ಲ. ಅಲ್ಲಿ ಒಂದು ಬುಟ್ಟಿ ಹಕ್ಕರಕಿ ಎದ್ದರ ಇಂಡಿ ಬಸ್ ಹತ್ತತೇನಿ. ಬರೇ ಕೈಲೆ ಹೋಗಿ ಆಕಿಗೆ ಏನು ಹೇಳಲಿ?