ಹುಸೇನಪ್ಪನ ಇನ್ನೂರ ಒಂದನೇ ಬೇಲು

ಒಳ್ಳೆಯದು ಮಾಡಲು ಹೋಗಿ ಕಳ್ಳರ ಸಾಲಿನಲ್ಲಿ ನಿಂತದ್ದುಂಟಾ ನೀವು? ಅಥವಾ ಹಾಗೆ ನಿಂತವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಆಮೇಲೆ ಏನಾಯಿತು ಅಂತಲೂ ಹೇಳುತ್ತೇನೆ, ಮುಚ್ಚಿಡುವಂಥದ್ದು ಏನೂ ಉಳಿದಿಲ್ಲ.

ಹುಸೇನಪ್ಪನ ಕೈಯಿಂದ ಯಾವುದೂ ಅಳತೆಗೆ ಸರಿಯಾಗಿ ಬಂದದ್ದೇ ಇಲ್ಲ. ಚಹಾ ಬಗ್ಗಿಸಿದರೆ ಬಸಿಗೆ ಚೆಲ್ಲಬೇಕು. ಮಂಡಾಳು ಹಂಚಿದರೆ ಬೊಗಸೆ ತುಂಬಿದ ಮೇಲೆ ಇನ್ನೊಂದು ಹಿಡಿ ಬೀಳಬೇಕು. ಯಾರಾದರೂ ವಿಳಾಸ ಕೇಳಿದರೆ ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಆ ಮನೆ ಬಾಗಿಲು ತನಕ ಜೊತೆಗೇ ಹೋಗಿ, ಅಲ್ಲಿನ ನಾಯಿಯನ್ನು ಗದರಿಸಿ, ಒಳಗೆ ಕಳಿಸಿಯೇ ವಾಪಸ್ಸು ಬರುತ್ತಿದ್ದ.

ಅವನ ಊರು ಚಿಪ್ಪಗಿರಿ. ಆದವಾನಿಯಲ್ಲಿ ನಾನು ಗುಮಾಸ್ತನಾಗಿದ್ದ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಪ್ರೆಸ್ಸಿನ ಮೇಸ್ತ್ರಿ. ಆಗಷ್ಟೇ ಆಂಧ್ರ ರಾಜ್ಯವಾಗಿತ್ತು. ಅರಳೆಯನ್ನು ಒತ್ತಿ, ಬೇಲು ಅನ್ನುವ ದೊಡ್ಡ ಮೂಟೆ ಕಟ್ಟಿ, ವ್ಯಾಗನ್ನಿಗೆ ಏರಿಸುವ ತನಕ ಅವನದೇ ಕಾರುಬಾರು. ಐವತ್ತರ ಆಚೆಗಿನ ಆಸಾಮಿ. ಹುಬ್ಬಿನಲ್ಲಿ ಸದಾ ಹತ್ತಿಯ ಎಳೆ.

ದೊಡ್ಡ ವ್ಯಾಪಾರವಾದರೆ ಕೊನೆಗೆ ಕೊಸರು ಅಂತ ಒಂದು ಬೇಲು ಹೆಚ್ಚಿಗೆ ಹಾಕುವುದು ನಮ್ಮ ಜಿನ್ನಿನ ರೂಢಿ. ಆ ಬೇಲಿಗೆ ನಂಬರು ಇಲ್ಲ, ಕಾಗದದಲ್ಲಿ ಹೆಸರಿಲ್ಲ. ಹುಸೇನಪ್ಪ ಅದಕ್ಕೆ ಅರಿಶಿಣದ ಮೂರು ಗೆರೆ ಎಳೆಯುತ್ತಿದ್ದ, ಅಷ್ಟೇ. ಅದರೊಳಗೆ ಎಲ್ಲಕ್ಕಿಂತ ಒಳ್ಳೆಯ ಅರಳೆ. ಬಳ್ಳಾರಿ, ಗುಂತಕಲ್ಲಿನ ವ್ಯಾಪಾರಿಗಳು ಮೊದಲು ಆ ಗೆರೆ ಹುಡುಕಿ ಮುಟ್ಟಿ ನೋಡಿ ನಗುತ್ತಿದ್ದರು. ಜಿನ್ನಿನ ಒಡೆಯರಾದ ಸಾವ್ಕಾರರಿಗೂ ಗೊತ್ತು, ನನಗೂ ಗೊತ್ತು.

"ಅಳತಿ ತಕ್ಕಡೀದು, ಕೊಸರು ಮನಸಿಂದು" ಅನ್ನುತ್ತಿದ್ದ. "ತಕ್ಕಡಿಯಷ್ಟ ಕೊಟ್ಟು ಕಳಿಸಿದ್ರ ಆ ಗಿರಾಕಿ ತಕ್ಕಡಿ ಹುಡಿಕ್ಯಂಡು ಇನ್ನೊಂದು ಅಂಗಡಿಗಿ ಹೋಗ್ತಾನ."

ಒಮ್ಮೆ ಜಪಾನಿನ ಕಂಪನಿಯೊಂದು ಇನ್ನೂರು ಬೇಲು ಕೇಳಿತು. ಸಮುದ್ರ ದಾಟುವ ಹತ್ತಿ ಅಂದರೆ ನಮಗೆ ಅದೇ ಮೊದಲು. ಹುಸೇನಪ್ಪ ಮೂರು ಗೆರೆಯ ಜಾಗದಲ್ಲಿ ಐದು ಎಳೆದ. "ಪರದೇಶದವ್ರು, ಎಷ್ಟು ದೂರಲಿಂದ ನಂಬಿ ಕೇಳ್ಯಾರ" ಅಂದ. ಇನ್ನೂರ ಒಂದು ಬೇಲು ವ್ಯಾಗನ್ನಿಗೆ ಏರಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬೀಡಿ ಕೂಡ ಹಚ್ಚಿಕೊಟ್ಟೆ.

ಬೊಂಬಾಯಿ ಬಂದರಿನಲ್ಲಿ ಎಣಿಸಿದರು. ಕಾಗದದಲ್ಲಿ ಇನ್ನೂರು, ಕಣ್ಣೆದುರು ಒಂದು ಜಾಸ್ತಿ. ಅದಕ್ಕೆ ನಂಬರಿಲ್ಲ, ಮೇಲೆ ಹಳದಿ ಗುರುತು ಬೇರೆ. ಒಳಗೆ ಏನಿಟ್ಟು ಸಾಗಿಸುತ್ತಿದ್ದಾರೋ ಅಂತ ಬೇಲು ಕೊಯ್ದು ನೋಡಿದರು. ಹತ್ತಿಯೇ ಇತ್ತು. ಅಷ್ಟರಲ್ಲಿ ಹಡಗು ಅಷ್ಟೂ ಹತ್ತಿಯನ್ನು ಬಿಟ್ಟು ಹೊರಟುಹೋಗಿತ್ತು.

ಹತ್ತು ದಿನಕ್ಕೆ ಕಂಪನಿಯ ಒಬ್ಬರು ಬೊಂಬಾಯಿಯಿಂದ ರೈಲಿನಲ್ಲಿ ಬಂದಿಳಿದರು. ತೆಳ್ಳಗಿನ ಜಪಾನಿ ಮನುಷ್ಯ, ಅಷ್ಟು ಬಿಸಿಲಿನಲ್ಲೂ ಕೋಟು. ಬಂದವರೇ ಹುಸೇನಪ್ಪನ ಮುಂದೆ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. ತನ್ನ ಕಾಲು ಮುಟ್ಟಲು ಬಂದರೆಂದು ಹೆದರಿ ಹುಸೇನಪ್ಪ ಹಿಂದಕ್ಕೆ ಹಾರಿದ.

"ಅಯ್ಯಯ್ಯೋ ವದ್ದು ಸಾಮೀ! ಗುಮಾಸ್ತ್ರೇ, ಬ್ಯಾಡ ಅನ್ರಿ ದೊರಿಗೆ, ನನಗ ಪಾಪ ಸುತ್ತತೈತಿ!"

ಹಿಂದಿನ ದಿನವೇ ಸಾವ್ಕಾರರು ನನ್ನನ್ನು ಕರೆದು ಹೇಳಿದ್ದರು. "ಈ ಗಿರಾಕಿ ಕೈ ತಪ್ಪಿದ್ರ ನೀನೂ ಇಲ್ಲ, ಹುಸೇನಪ್ಪನೂ ಇಲ್ಲ." ನನಗೆ ಮೂರು ಮಕ್ಕಳು. ಇಂಗ್ಲಿಷು ಬರುತ್ತಿದ್ದವನು ನಾನೊಬ್ಬನೇ.

ಜಪಾನಿನವರು ನಿಧಾನವಾಗಿ ಕೇಳಿದರು. ಒಂದು ಬೇಲು ಹೆಚ್ಚು ಯಾಕೆ?

"ಕೊಸರ್ರೀ ದೊರೀ, ಸಂತೋಷಕ್ಕ" ಅಂದ ಹುಸೇನಪ್ಪ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನ ಕಡೆ ತಿರುಗಿ ಕೇಳಿದ ಪ್ರಶ್ನೆ ಇದು: ಇದು ನಿಮ್ಮ ಜಿನ್ನಿನ ಪದ್ಧತಿಯಾ, ಈ ಮನುಷ್ಯ ತಾನಾಗಿ ಮಾಡಿದ್ದಾ? ನಿಮಗೆ ಗೊತ್ತಿತ್ತಾ?

ಪಕ್ಕದಲ್ಲೇ ಇದ್ದ ಸಾವ್ಕಾರರು ಸೂರು ನೋಡುತ್ತಿದ್ದರು.

ನಾನು ಅಂದೆ, ಅವನೇ ಮಾಡಿದ್ದು, ನನಗೆ ಗೊತ್ತಿರಲಿಲ್ಲ.

ಜಪಾನಿನವರ ಮುಖ ಬಿಗಿಯಾಯಿತು. "ಜಿನ್ನು ಕೊಟ್ಟಿದ್ದರೆ ಅದು ಉಡುಗೊರೆ. ಮುಂದೆ ಅದನ್ನೂ ಕಾಗದದಲ್ಲಿ ಬರೆಯಿರಿ ಅನ್ನುತ್ತಿದ್ದೆ" ಅಂದರು. "ಯಾರಿಗೂ ಗೊತ್ತಿಲ್ಲದೆ ಹೋದದ್ದು ತಪ್ಪು. ಇವತ್ತು ಒಂದು ಹೆಚ್ಚು ಹೋಯಿತು, ನಾಳೆ ಒಂದು ಕಡಿಮೆ ಬರಬಹುದು. ಈ ಕೈ ಎಣಿಸಿದ್ದನ್ನು ನಾನು ಹೇಗೆ ನಂಬಲಿ?"

ನಿಜ ಹೇಳಿದ್ದರೆ ಗಿರಾಕಿಯ ಜೊತೆಗೆ ಹುಸೇನಪ್ಪನೂ ನಾನೂ ಉಳಿಯುತ್ತಿದ್ದೆವು ಅಂತ ಆಗ ತಿಳಿಯಿತು. ಆದರೂ ಬಾಯಿ ಬಿಡಲಿಲ್ಲ.

"ಏನಂತಾರ್ರಿ?" ಹುಸೇನಪ್ಪ ಕೇಳಿದ.

"ಲೆಕ್ಕ ಸರಿ ಇರಬೇಕಂತ."

"ಆಗ್ಲಿ ಬಿಡ್ರಿ. ಅವ್ರ ಮನಿ ಬಾಗ್ಲಾ ಗಿಡ್ಡೈತಿ, ಹೋಗೋರು ನಾವು, ತಲಿ ಬಗ್ಗಿಸಬೇಕು." ಹಾಗಂದು ಆ ದೊರೆಗೆ ಕೈ ಮುಗಿದು ಒಳಗೆ ಹೋದ. ಆ ಶನಿವಾರ ಸಾವ್ಕಾರರು ಅವನನ್ನು ಕೆಲಸದಿಂದ ಬಿಡಿಸಿದರು. ಗಿರಾಕಿ ಉಳಿದ.

ಎರಡು ವರ್ಷದ ಮೇಲೆ ಆದವಾನಿ ಸ್ಟೇಷನ್ನಿನ ಹೊರಗೆ ಹುಸೇನಪ್ಪ ಸಿಕ್ಕ. ಊರಲ್ಲಿ ಮಗನ ಕುರಿ ನೋಡಿಕೊಂಡಿದ್ದನಂತೆ. ಹುಬ್ಬು ಬೋಳಾಗಿ ಕಂಡಿತು, ಹತ್ತಿ ಇರಲಿಲ್ಲವಲ್ಲ. ನನಗೆ ತಡೆಯಲಾಗದೆ ಅವತ್ತು ಇಂಗ್ಲಿಷಿನಲ್ಲಿ ನಾನು ಏನಂದೆ ಅನ್ನುವುದನ್ನು ಪೂರ್ತಿ ಹೇಳಿಬಿಟ್ಟೆ.

ಬೈಯುತ್ತಾನೆ ಅಂದುಕೊಂಡೆ. ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದ.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತೈತಲ್ಲ ನಾ ಏನು ಮಾಡ್ದೆ ಅಂತ. ಆ ದೊರಿಗಿ ಹೇಳ್ರಿ. ಆದವಾನ್ಯಾಗ ಒಬ್ಬ ಮೇಸ್ತ್ರಿಗೆ ಎಣಸಾಕ ಬರಂಗಿಲ್ಲ ಅಂತ ತಿಳಕಂಡು ಹೋಗ್ಯಾನ ಆವಪ್ಪ. ಒಂದು ಕಾಗದ ಬರೀರಿ."

"ಬರೀತೀನಿ" ಅಂದೆ.

"ಯಾವಾಗ?"

ಚಿಪ್ಪಗಿರಿ ಬಸ್ಸು ಬಂತು, ಹತ್ತಿದ. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಸಾವ್ಕಾರರು ಇರುವ ತನಕ ನನಗೆ ಧೈರ್ಯ ಬರಲಿಲ್ಲ. ಅವರು ಹೋದ ಮೇಲೆ ಆ ಜಪಾನಿನವರಿಗೆ ಕಂಪನಿಯ ಬೊಂಬಾಯಿ ವಿಳಾಸಕ್ಕೆ ಬರೆದೆ, ಅಷ್ಟರಲ್ಲಿ ಹುಸೇನಪ್ಪ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಒಂದೂವರೆ ಪುಟ, ಕೊಸರು ಅಂದರೆ ಏನು, ಯಾರಿಗೆ ಗೊತ್ತಿತ್ತು, ಎಲ್ಲ. ವಿಳಾಸದಾರರು ಸ್ವದೇಶಕ್ಕೆ ಮರಳಿದ್ದಾರೆ ಅಂತ ಬರೆಸಿಕೊಂಡು ಆ ಕಾಗದ ನನ್ನ ಮನೆಗೇ ವಾಪಸ್ಸು ಬಂತು.

ಇಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸ ನಿಮಗೂ ಬಿದ್ದಿರಬಹುದು. ಆಗ ನೀವು ಏನನ್ನು ದಾಟಿಸಲಿಲ್ಲ, ಅದನ್ನು ಬರೆಯಿರಿ. ಯಾರಿಗೆ ಹೇಳಬೇಕೋ ಅವರು ಇನ್ನೂ ಇದ್ದರೆ ಮೊದಲು ಅವರಿಗೆ ಬರೆಯಿರಿ, ನನಗೆ ಆಮೇಲೆ.